ನೆರಿಯದ ಎರಡು ಕೊಳವೆಗಳು

ಬೆಳ್ತಂಗಡಿ ತಾಲೂಕಿನ ನೆರಿಯ ಗ್ರಾಮ ಇರುವುದು ಪಶ್ಚಿಮ ಘಟ್ಟದ ಬುಡದಲ್ಲಿ. ಮಂಗಳೂರಿನ ತೈಲಾಗಾರದಿಂದ ಹೊರಟ ಪೆಟ್ರೋಲು, ಡೀಸೆಲು 2003ರಿಂದ ನೆಲದಡಿಯ ಕೊಳವೆಯಲ್ಲಿ ಹಾಸನದ ಮೂಲಕ ಬೆಂಗಳೂರಿಗೆ ಹರಿಯುತ್ತಿವೆ. ಸುಮಾರು 360 ಕಿಲೋಮೀಟರ್ ದಾರಿ. ಘಟ್ಟ ಹತ್ತಬೇಕಾದರೆ ಎಣ್ಣೆಗೂ ಉಸಿರು ಬೇಕು. ಅದನ್ನು ಮೇಲಕ್ಕೆ ಒತ್ತುವ ಪಂಪಿಂಗ್ ಸ್ಟೇಷನ್ ನೆರಿಯದಲ್ಲಿದೆ. ಆ ಕೊಳವೆಯ ಮೂಲವನ್ನು ಹುಡುಕುತ್ತಾ ಹೋದರೆ ಕಡಲು ದಾಟಿ ಹೊರದೇಶಗಳ ಎಣ್ಣೆಬಾವಿ ತಲುಪಬೇಕಾಗುತ್ತದೆ. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಪಾಲು ಹೊರಗಿನದು. ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲೇ ಬರಬೇಕು.

ಇದೇ ಸೀಮೆಯ ತೋಟದ ಮನೆಗಳಲ್ಲಿ ಇನ್ನೊಂದು ಕೊಳವೆ ಇದೆ. ಹೆಬ್ಬೆರಳಿನಷ್ಟು ದಪ್ಪ. ಹಟ್ಟಿಯ ಪಕ್ಕದ ಗುಂಡಿಯಿಂದ ಹೊರಟು, ಅಂಗಳದ ಬದಿ ಹಿಡಿದು, ಅಡುಗೆಮನೆಯ ಗೋಡೆಯೊಳಗೆ ತೂರಿಕೊಳ್ಳುತ್ತದೆ. ಅದರ ಮೂಲ ಹುಡುಕಲು ನಾಲ್ಕು ಹೆಜ್ಜೆ ನಡೆದರೆ ಸಾಕು. ಮೆಲುಕು ಹಾಕುತ್ತ ನಿಂತ ಮೂರು ದನಗಳು ಕಾಣುತ್ತವೆ.

ಬೆಳೆಯುತ್ತಿರುವ ದೇಶವೊಂದು ಕಲ್ಲಿದ್ದಲು ಮತ್ತು ಎಣ್ಣೆಯ ದಾರಿ ಬಿಟ್ಟು ನವೀಕರಿಸಬಹುದಾದ ಶಕ್ತಿಯ ಕಡೆಗೆ ಹೊರಳುವಾಗ ಜೈವಿಕ ಇಂಧನದ ಪಾಲೇನು ಎಂಬ ಪ್ರಶ್ನೆ ದೆಹಲಿಯ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಜಿ-20 ಸಮಾವೇಶ ನಡೆದಾಗ ಅಲ್ಲೇ ಜಾಗತಿಕ ಜೈವಿಕ ಇಂಧನ ಒಕ್ಕೂಟವೂ ಹುಟ್ಟಿತು. ಆ ಮಾತುಕತೆಯಲ್ಲಿ ಎಥೆನಾಲ್ ಮುಂದೆ, ಬಯೋಡೀಸೆಲ್ ಅದರ ಹಿಂದೆ, ಗೋಬರ್ ಗ್ಯಾಸ್ ತೀರಾ ಕೊನೆಯ ಬೆಂಚಿನಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅನುಭವವನ್ನು ಎದುರಿಗಿಟ್ಟುಕೊಂಡರೆ ಈ ಸಾಲು ಹಿಂದುಮುಂದಾಗುತ್ತದೆ.

ಗೋಬರ್ ಗ್ಯಾಸಿನ ಲೆಕ್ಕ ಸರಳ. ಒಂದು ಕಿಲೋ ಹಸಿ ಸೆಗಣಿ ಸುಮಾರು 40 ಲೀಟರ್ ಅನಿಲ ಕೊಡುತ್ತದೆ. ಸಣ್ಣ ಕುಟುಂಬವೊಂದರ ಅಡುಗೆಗೆ ಸಾಲುವ ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋದಷ್ಟು ಸೆಗಣಿ, ಅಷ್ಟೇ ನೀರು ಬೇಕು. ಹಟ್ಟಿಯಲ್ಲೇ ಮೇಯುವ ಮೂರು ಮಿಶ್ರತಳಿ ಹಸುಗಳಿದ್ದರೆ ಇದು ಕೂಡಿಬರುತ್ತದೆ. ಗಾಳಿಯಾಡದ ಗುಂಡಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಆ ಸೆಗಣಿಯನ್ನು ನಲವತ್ತು ಐವತ್ತು ದಿನ ಅರಗಿಸುತ್ತವೆ. ಮೇಲೆ ಬರುವ ಅನಿಲದಲ್ಲಿ ಶೇಕಡಾ 55ರಿಂದ 65 ಮೀಥೇನ್. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಒಂದು ಘನ ಮೀಟರ್ ಅನಿಲ ಉರಿದರೆ ಸುಮಾರು 430 ಗ್ರಾಂ ಎಲ್‌ಪಿಜಿ ಉರಿದಷ್ಟು ಶಾಖ. ಅಂದರೆ ಎರಡು ಘನ ಮೀಟರಿನ ಗುಂಡಿ ಸರಿಯಾಗಿ ನಡೆದರೆ ಹದಿನಾರು ಹದಿನೇಳು ದಿನಕ್ಕೊಮ್ಮೆ ಒಂದು ಸಿಲಿಂಡರ್ ಹಟ್ಟಿಯಲ್ಲೇ ತುಂಬಿದ ಹಾಗೆ.

ಮೊದಮೊದಲು ಖಾದಿ ಗ್ರಾಮೋದ್ಯೋಗ ಆಯೋಗದ ಮಾದರಿ ಬಂದಾಗ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ಮು ತೇಲುತ್ತಿತ್ತು. ಗ್ಯಾಸ್ ತುಂಬಿದಂತೆ ಡ್ರಮ್ಮು ಏರುವುದು, ಉರಿಸಿದಂತೆ ಇಳಿಯುವುದು. ಎಷ್ಟು ಗ್ಯಾಸ್ ಇದೆಯೆಂದು ಮಕ್ಕಳೂ ಹೇಳಬಹುದಾಗಿತ್ತು. ಆದರೆ ಕರಾವಳಿಯ ಮಳೆಗೆ, ಉಪ್ಪುಗಾಳಿಗೆ ಕಬ್ಬಿಣ ಎಷ್ಟು ವರ್ಷ ತಾಳೀತು? ತುಕ್ಕು ಹಿಡಿದು ತೂತು ಬಿದ್ದ ಡ್ರಮ್ಮಿಗೆ ಬಣ್ಣ ಬಳಿಯುವುದೇ ವರ್ಷದ ಒಂದು ಕೆಲಸವಾಗಿತ್ತು. 1984ರಲ್ಲಿ ಆಫ್‌ಪ್ರೋ ಎಂಬ ಸಂಸ್ಥೆ ರೂಪಿಸಿದ ದೀನಬಂಧು ಮಾದರಿಯಲ್ಲಿ ಕಬ್ಬಿಣದ ಡ್ರಮ್ಮೇ ಇಲ್ಲ. ಇಟ್ಟಿಗೆ ಮತ್ತು ಸಿಮೆಂಟಿನ ಗುಮ್ಮಟ ನೆಲದೊಳಗೆ ಕೂರುತ್ತದೆ. ಕೆಂಪುಕಲ್ಲಿನ ಗಟ್ಟಿ ನೆಲದಲ್ಲಿ ಗುಂಡಿ ತೋಡುವುದು ಬೆನ್ನು ಮುರಿಯುವ ಕೆಲಸ. ಒಮ್ಮೆ ತೋಡಿ ಕಟ್ಟಿದರೆ ಮಾತ್ರ ಅದರ ಮೇಲೆ ಮಣ್ಣು ಮುಚ್ಚಿ ಮರೆತುಬಿಡಬಹುದು.

ಈ ಸೀಮೆಯ ತೋಟಗಳಲ್ಲಿ ಗ್ಯಾಸಿನ ಗುಂಡಿ ನೆಲೆಯೂರಿದ್ದು ಅನಿಲಕ್ಕಾಗಿ ಮಾತ್ರ ಎಂದುಕೊಂಡರೆ ಕತೆಯ ಅರ್ಧ ಕೈತಪ್ಪುತ್ತದೆ. ಇನ್ನರ್ಧ ಅಡಿಕೆ ಮರದ ಬುಡದಲ್ಲಿದೆ.

ದಕ್ಷಿಣ ಕನ್ನಡದ ಹಳೆಯ ಹಟ್ಟಿಯಲ್ಲಿ ನೆಲ ಕಾಣುತ್ತಿರಲಿಲ್ಲ. ಕುಮ್ಕಿ, ಅಂದರೆ ಕೃಷಿಭೂಮಿಗೆ ತಾಗಿದ ಸರ್ಕಾರಿ ಜಾಗದ ಗುಡ್ಡೆಯಿಂದ ದಿನವೂ ಸೊಪ್ಪು ಕಡಿದು ತಂದು ದನಗಳ ಕಾಲಡಿಗೆ ಹಾಸುವರು. ಸೆಗಣಿ, ಗಂಜಲ, ಸೊಪ್ಪು ಎಲ್ಲ ತುಳಿತಕ್ಕೆ ಸಿಕ್ಕಿ ಗೊಬ್ಬರವಾಗುವುದು. ಅದನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ, ತೋಟಕ್ಕೆ ಹಾಕುವರು. ಸೊಪ್ಪು ತರುವುದು, ಗೊಬ್ಬರ ಹೊರುವುದು ಎರಡೂ ಹೆಚ್ಚಾಗಿ ಹೆಂಗಸರ ತಲೆಯ ಮೇಲಿನ ಕೆಲಸ. ಕುಮ್ಕಿಯಲ್ಲಿ ರಬ್ಬರ್, ಗೇರು ಬಂದವು. ಸೊಪ್ಪು ಕಡಿಯಲು ಆಳುಗಳು ಸಿಗದಾದರು. ಆಗ ಹಟ್ಟಿಗೆ ಸಿಮೆಂಟಿನ ನೆಲ ಬಂತು. ಬೆಳಿಗ್ಗೆ ಹಟ್ಟಿ ತೊಳೆದ ನೀರು ಸೆಗಣಿಯನ್ನೂ ಕರೆದುಕೊಂಡು ಗ್ಯಾಸಿನ ಗುಂಡಿಗೆ ಹರಿಯಿತು. ಇನ್ನೊಂದು ಬಾಯಿಂದ ಹೊರಬಂದ ಸ್ಲರಿ ಪಂಪಿನ ಮೂಲಕ, ಇಳಿಜಾರಿದ್ದಲ್ಲಿ ಪೈಪಿನ ಮೂಲಕ ತಾನಾಗಿಯೇ, ಅಡಿಕೆ ಬುಡಕ್ಕೆ ಹೋಯಿತು. ಬುಟ್ಟಿ ತಲೆಯಿಂದ ಇಳಿಯಿತು.

ಸ್ಲರಿಯ ಬೆಲೆ ಗೊತ್ತಾಗಬೇಕಾದರೆ ಬಂಟ್ವಾಳ ತಾಲೂಕಿನ ವಿಟ್ಲದತ್ತ ನೋಡಬೇಕು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಡಿಕೆ ಕೇಂದ್ರ ಇರುವುದು ಅಲ್ಲಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಅದರ ಜೊತೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್ ಇಲ್ಲವೇ ಹಟ್ಟಿಗೊಬ್ಬರ ಎಂಬುದು ಬೆಳೆಗಾರರಿಗೆ ಬಾಯಿಪಾಠವಾದ ಶಿಫಾರಸು. ಸೆಗಣಿಯನ್ನು ಗುಂಡಿಯಲ್ಲಿ ಅರಗಿಸಿದಾಗ ಅನಿಲವಾಗಿ ಹೊರಟುಹೋಗುವುದು ಮುಖ್ಯವಾಗಿ ಇಂಗಾಲ ಮತ್ತು ಜಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಸ್ಲರಿಯಲ್ಲೇ ಉಳಿಯುತ್ತವೆ. ಅದೇ ಸೆಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕಿದ್ದರೆ ಸಾರಜನಕವೆಲ್ಲ ಹೊಗೆಯ ಪಾಲು. ಒಂದೇ ಸೆಗಣಿ ಅನ್ನ ಬೇಯಿಸಿ, ಆಮೇಲೆ ಮರಕ್ಕೂ ಉಣ್ಣಿಸುತ್ತದೆ. ಗ್ಯಾಸು ಸ್ವಲ್ಪ ಕಡಿಮೆಯಾದ ದಿನವೂ ತೋಟದವರು ಗುಂಡಿಗೆ ಸೆಗಣಿ ಕಲಸುವುದನ್ನು ಬಿಡದಿರಲು ಇದೇ ಕಾರಣ.

ಗುಂಡಿ ಕಟ್ಟಲು ಕೈಯಲ್ಲಿ ಕಾಸು ಬೇಕಲ್ಲ? ಅಲ್ಲಿ ಇನ್ನೊಂದು ಸ್ಥಳೀಯ ಬಲ ಕೂಡಿಕೊಂಡಿತು. 1982ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮೊದಲು ಬೇರೂರಿದ್ದು ಬೆಳ್ತಂಗಡಿ ತಾಲೂಕಿನಲ್ಲೇ. ಅದರ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಒಬ್ಬರ ಜಾಗದಲ್ಲಿ ಇನ್ನೊಬ್ಬರು ದುಡಿಯುತ್ತಾರೆ, ಕೂಲಿಯಿಲ್ಲದೆ, ಮುಯ್ಯಿಗೆ ಮುಯ್ಯಿ. ಕೆಂಪುಕಲ್ಲಿನಲ್ಲಿ ಗುಂಡಿ ತೋಡುವಂಥ ಕೆಲಸಕ್ಕೆ ಇದಕ್ಕಿಂತ ಒಗ್ಗುವ ಏರ್ಪಾಡು ಬೇರೆ ಸಿಗಲಾರದು. ಗೋಬರ್ ಗ್ಯಾಸ್, ಸೋಲಾರ್ ದೀಪ, ಸುಧಾರಿತ ಒಲೆಗಳಿಗೆ ಸಣ್ಣ ಸಾಲ ಕೊಟ್ಟು ಕಂತಿನಲ್ಲಿ ವಸೂಲು ಮಾಡುವ ಈ ಯೋಜನೆಯ ಕ್ರಮಕ್ಕೆ 2012ರಲ್ಲಿ ಲಂಡನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಅದಕ್ಕೂ ಮೊದಲು, 2007ರಲ್ಲಿ, ಕೋಲಾರದ ಎಸ್‌ಕೆಜಿ ಸಂಘಕ್ಕೆ ಗೋಬರ್ ಗ್ಯಾಸ್ ಮತ್ತು ಸ್ಲರಿಯ ಎರೆಗೊಬ್ಬರಕ್ಕಾಗಿ ಇದೇ ಪ್ರಶಸ್ತಿ ಸಂದಿತ್ತು. ಒಂದೇ ರಾಜ್ಯದ ಎರಡು ಮೂಲೆಗಳಿಗೆ ಒಂದೇ ಬಗೆಯ ಕೆಲಸಕ್ಕೆ ಸಿಕ್ಕ ಈ ಮನ್ನಣೆ ಇಲ್ಲಿನವರಿಗೇ ಅಷ್ಟಾಗಿ ನೆನಪಿಲ್ಲ.

ಮನೆಮನೆಯ ಗುಂಡಿಯ ಬದಲು ಊರಿಗೊಂದು ದೊಡ್ಡ ಗುಂಡಿ ಕಟ್ಟಿದರೇನು? ಅದನ್ನೂ ಕರ್ನಾಟಕ ಮಾಡಿ ನೋಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ, ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಸ್ಥಾವರ ಹಾಕಿತು. ಎಲ್ಲ ಮನೆಗೂ ಅಡುಗೆ ಗ್ಯಾಸ್ ಕೊಡುವ ಆಸೆ ಮೊದಲಿಗಿತ್ತು. ಊರಿನ ಸೆಗಣಿಯೆಲ್ಲ ಸೇರಿದರೂ ಅಷ್ಟು ಅನಿಲ ಹುಟ್ಟುವಂತಿರಲಿಲ್ಲ. ಊರವರನ್ನು ಕೇಳಿದಾಗ ಅವರಿಗೆ ಬೇಕಾದದ್ದು ಕುಡಿಯುವ ನೀರು. 1987ರಿಂದ ಆ ಅನಿಲ ಒಂದು ಸಣ್ಣ ಎಂಜಿನ್ ಓಡಿಸಿತು. ಬೋರ್‌ವೆಲ್ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸೆಗಣಿ ತಂದವರಿಗೆ ತೂಕಕ್ಕೆ ತಕ್ಕಷ್ಟು ಪುಡಿಗಾಸು, ಮರಳಿನ ಹಾಸಿನಲ್ಲಿ ನೀರು ಇಳಿಸಿದ ಗೊಬ್ಬರವೂ ವಾಪಸು. ಹೊತ್ತು ತರುತ್ತಿದ್ದ ಹೆಂಗಸರ ಕೈಗೆ ಆ ಕಾಸು ಸೇರುತ್ತಿತ್ತು. ಗೊಬ್ಬರ ಮರಳಿ ಸಿಗದೇ ಹೋಗಿದ್ದರೆ ಯಾವ ರೈತನೂ ಸೆಗಣಿ ಬಿಟ್ಟುಕೊಡುತ್ತಿರಲಿಲ್ಲ. ವಿಟ್ಲದ ತೋಟದಲ್ಲಿ ನಡೆಯುವ ಲೆಕ್ಕ, ಪುರದ ಬಯಲಿನಲ್ಲೂ ಅದೇ.

ಇನ್ನು ಮೂಡುಬಿದಿರೆಗೆ ಬಂದರೆ ಇಂಧನದ ಇನ್ನೊಂದು ಮುಖ ಕಾಣುತ್ತದೆ.

ತುಳುನಾಡಿನ ಊಟಕ್ಕೆ ಕುಚ್ಚಲಕ್ಕಿ ಬೇಕು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ ಮಾಡಬೇಕು. ಬೆಳ್ತಿಗೆಗೆ ಹೋಲಿಸಿದರೆ ಕುಚ್ಚಲಕ್ಕಿ ಬೆಂಕಿಯನ್ನು ಹೆಚ್ಚು ಕೇಳುತ್ತದೆ. ಹಿಂದೆ ಅಂಗಳದಲ್ಲಿ ದೊಡ್ಡ ಹಂಡೆ ಇಟ್ಟು ಮಡಲು, ಕೊತ್ತಳಿಗೆ ಉರಿಸಿ ಭತ್ತ ಬೇಯಿಸುತ್ತಿದ್ದರು. ಈಗಿನ ರೈಸ್‌ಮಿಲ್ಲಿನಲ್ಲಿ ಬಾಯ್ಲರಿನ ಹಬೆ ಆ ಕೆಲಸ ಮಾಡುತ್ತದೆ, ಡ್ರೈಯರ್ ಒಣಗಿಸುತ್ತದೆ. ಎರಡಕ್ಕೂ ಉರಿಯುವುದು ಅದೇ ಭತ್ತದ ಹೊಟ್ಟು. ಭತ್ತದ ತೂಕದಲ್ಲಿ ಐದನೇ ಒಂದು ಭಾಗ ಹೊಟ್ಟೇ ಇರುತ್ತದೆ. ಕಿಲೋಗೆ 3000 ಕಿಲೋ ಕ್ಯಾಲೊರಿಗೂ ಮೇಲ್ಪಟ್ಟು ಶಾಖ ಅದರಲ್ಲಿದೆ. ಹೊಟ್ಟನ್ನು ಲಾರಿಯಲ್ಲಿ ಹೊತ್ತು ದೂರ ಸಾಗಿಸಿದರೆ ಬಾಡಿಗೆಯೇ ನುಂಗಿಬಿಡುತ್ತದೆ, ಅಷ್ಟು ಹಗುರ ಅದು. ಮಿಲ್ಲಿನ ಒಂದು ಬದಿಯಲ್ಲಿ ಬಿದ್ದದ್ದನ್ನು ಇನ್ನೊಂದು ಬದಿಯ ಕುಲುಮೆಗೆ ಹಾಕಿದರೆ ಮಾತ್ರ ಲಾಭ. ಇಂಥ ಬಾಯ್ಲರು, ಡ್ರೈಯರುಗಳನ್ನು ತಯಾರಿಸುವ ಎಸ್‌ಕೆಎಫ್ ಬಾಯ್ಲರ್ಸ್ ಆ್ಯಂಡ್ ಡ್ರೈಯರ್ಸ್ ಕಾರ್ಖಾನೆ ಇರುವುದು ಮೂಡುಬಿದಿರೆಯ ಬನ್ನಡ್ಕದಲ್ಲಿ. ಕುಚ್ಚಲಕ್ಕಿ ಉಣ್ಣುವ ಊರಿನಲ್ಲೇ ಅದನ್ನು ಬೇಯಿಸುವ ಯಂತ್ರದ ಕಸುಬು ಬೆಳೆದದ್ದು ಸಹಜ. ಈ ಯಂತ್ರಗಳನ್ನು ನವೀಕರಿಸಬಹುದಾದ ಶಕ್ತಿ ಎಂದು ಯಾರೂ ಕರೆಯುವುದಿಲ್ಲ, ಅವುಗಳ ಕೆಲಸ ಮಾತ್ರ ಅದೇ.

ಗೇರುಬೀಜದ ಕಾರ್ಖಾನೆಯದೂ ಇದೇ ದಾರಿ. ಕಚ್ಚಾ ಬೀಜದಲ್ಲಿ ತಿರುಳು ಹೆಚ್ಚೆಂದರೆ ಕಾಲು ಪಾಲು; ಉಳಿದದ್ದು ಬಹುತೇಕ ಸಿಪ್ಪೆ. ಆ ಸಿಪ್ಪೆಯ ಎಣ್ಣೆ ಬಣ್ಣಕ್ಕೆ, ವಾಹನದ ಬ್ರೇಕಿನ ಲೈನಿಂಗಿಗೆ ಹೋಗುತ್ತದೆ. ಎಣ್ಣೆ ತೆಗೆದ ಹಿಂಡಿ ಬಾಯ್ಲರಿಗೆ ಹೋಗುತ್ತದೆ. ಎಣ್ಣೆ ತೆಗೆಯದೆ ಹಸಿ ಸಿಪ್ಪೆಯನ್ನೇ ಸುಟ್ಟರೆ ಕಣ್ಣು ಮೂಗು ಉರಿಸುವ ಕೆಟ್ಟ ಹೊಗೆ. ಜೈವಿಕ ಇಂಧನವೆಂದರೆ ಹೊಗೆಯಿಲ್ಲದ್ದು ಎಂಬ ಭ್ರಮೆ ಬೇಡ. ಕಾರ್ಖಾನೆಯ ಪಕ್ಕದ ಮನೆಯವರಿಗೆ ಇದು ಚೆನ್ನಾಗಿ ಗೊತ್ತು.

ಮನೆಯ ಬಚ್ಚಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿ ಅಡಿಕೆಯನ್ನು ಹಣ್ಣಾದ ಮೇಲೆ ಕೊಯ್ದು ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ ಚಾಲಿ ಮಾಡುತ್ತಾರೆ. ಸುಲಿದಾಗ ಸಿಗುವ ಸಿಪ್ಪೆ ಗರಿಗರಿ ಒಣಗಿರುತ್ತದೆ. ಆ ಸಿಪ್ಪೆ, ಗೆರಟೆ, ಮಡಲು ಸೇರಿದರೆ ವರ್ಷವಿಡೀ ಹಂಡೆ ನೀರು ಕಾಯಲು ಒಂದು ಕೊಳ್ಳಿ ಕಡಿಯಬೇಕಿಲ್ಲ. ಗ್ಯಾಸ್ ಗೀಸರ್ ಬಂದ ಮನೆಗಳಲ್ಲಿ ಅದೇ ಸಿಪ್ಪೆ ತೋಟದ ಮೂಲೆಯಲ್ಲಿ ರಾಶಿ ಬಿದ್ದಿದೆ.

ಎಣ್ಣೆಬೀಜಗಳ ಕತೆ ಬೇರೆ. ಹೊಂಗೆ, ಹೊನ್ನೆ ಎಣ್ಣೆಯ ದೀಪ ಸೀಮೆಎಣ್ಣೆ ಬರುವ ಮೊದಲು ಮನೆಮನೆಯಲ್ಲಿತ್ತು. ನಂದಾದೀಪದ ಎಣ್ಣೆಗೆಂದು ದತ್ತಿ ಬಿಟ್ಟ ಶಾಸನಗಳು ನಾಡಿನ ಉದ್ದಗಲಕ್ಕೆ ಸಿಗುತ್ತವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದ 1430ರಲ್ಲಿ ಬೆಳಕೆಂದರೆ ಎಣ್ಣೆ ಮತ್ತು ಬತ್ತಿ. ಆ ನೆನಪನ್ನು ಎಂಜಿನ್ನಿಗೆ ಜೋಡಿಸಿದವರು ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ. ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರ್ ಓಡಿಸಿ ಬರದ ಸೀಮೆಯ ಹಳ್ಳಿಯಲ್ಲಿ ನೀರೆತ್ತಬಹುದೆಂದು ಅವರು ಮಾಡಿ ತೋರಿಸಿದರು. ರುಡಾಲ್ಫ್ ಡೀಸೆಲನ ಎಂಜಿನ್ ಕೂಡ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ಓಡಿತ್ತಲ್ಲ! 2009ರಲ್ಲಿ ಕರ್ನಾಟಕ ತನ್ನದೇ ಜೈವಿಕ ಇಂಧನ ನೀತಿ ಹೊರಡಿಸಿತು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ, ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಯೋಜನೆಗಳು ಬಂದವು. ಹೊಂಗೆ ಫಲ ಕೊಡಲು ವರ್ಷಗಟ್ಟಲೆ ಬೇಕು. ಒಂದು ಲೀಟರ್ ಎಣ್ಣೆಗೆ ನಾಲ್ಕು ಕಿಲೋದಷ್ಟು ಬೀಜ ಹೆಕ್ಕಬೇಕು. ಹೆಕ್ಕುವ ಕೈಗೆ ಎಷ್ಟು ಕೂಲಿ ಬೀಳುತ್ತದೆ ಎಂಬಲ್ಲಿಗೆ ಬಂದು ಎಲ್ಲ ಉತ್ಸಾಹವೂ ನಿಲ್ಲುತ್ತದೆ.

ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಈ ತೊಡಕು ಕಣ್ಣಿಗೆ ಕಟ್ಟುವಂತಿದೆ. ರಬ್ಬರ್ ಬೀಜದ ತಿರುಳಿನಲ್ಲಿ ಶೇಕಡಾ 40ರಷ್ಟು ಎಣ್ಣೆ. ಕಲ್ಲಿಕೋಟೆಯ ಎನ್‌ಐಟಿಯ ಸಂಶೋಧಕರು ಅದರಿಂದ ಬಯೋಡೀಸೆಲ್ ಮಾಡುವ ಎರಡು ಹಂತದ ವಿಧಾನವನ್ನು 2005ರಲ್ಲೇ ಪ್ರಕಟಿಸಿದ್ದಾರೆ. ಎರಡು ಹಂತ ಏಕೆಂದರೆ ಈ ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚು; ನೇರವಾಗಿ ಕ್ಷಾರ ಸೇರಿಸಿದರೆ ಡೀಸೆಲ್ ಆಗುವ ಬದಲು ಸೋಪು ಆಗುತ್ತದೆ. ಬೀಜ ಸಿಡಿದು ಬೀಳುವುದು ಮಳೆಗಾಲದಲ್ಲಿ, ಒದ್ದೆ ನೆಲಕ್ಕೆ. ಬೂಷ್ಟು ಹಿಡಿದಷ್ಟೂ ಆಮ್ಲ ಏರುತ್ತದೆ. ಉಂಬಳ ಕಚ್ಚುವ ತೋಟದಲ್ಲಿ ಅದನ್ನು ಹೆಕ್ಕುವವರಾರು, ಒಣಗಿಸುವ ಬಿಸಿಲು ಎಲ್ಲಿದೆ? ಪ್ರಯೋಗಶಾಲೆ ಗೆದ್ದದ್ದು ಆಟಿ ತಿಂಗಳ ಮಳೆಯಲ್ಲಿ ಸೋಲುತ್ತದೆ.

ಬೀಜ ಹೆಕ್ಕುವುದೇ ಇಷ್ಟು ಕಷ್ಟವಾದರೆ, ಇಂಧನಕ್ಕಾಗಿಯೇ ಬೆಳೆ ತೆಗೆಯುವುದು? 2003ರಲ್ಲಿ ಯೋಜನಾ ಆಯೋಗದ ಸಮಿತಿ ಜತ್ರೋಫಾವನ್ನು ಬಂಜರು ಭೂಮಿಯಲ್ಲಿ ಬೆಳೆದು ಡೀಸೆಲ್ ಪಡೆಯಬಹುದೆಂದಿತು. ನೀರು ಗೊಬ್ಬರವಿಲ್ಲದ ನೆಲದಲ್ಲಿ ಗಿಡ ಬದುಕಿತು, ಕಾಯಿ ಮಾತ್ರ ಕೊಡಲಿಲ್ಲ. ಎಥೆನಾಲ್ ಹಾಗಲ್ಲ, ಅದು ಗೆದ್ದ ಯೋಜನೆ. 1975ರಲ್ಲಿ ಬ್ರೆಜಿಲ್ ಹಿಡಿದ ದಾರಿಯನ್ನು ಭಾರತವೂ ಹಿಡಿದು, 2022ರ ಜೂನ್ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 10, 2025ರಲ್ಲಿ ಶೇಕಡಾ 20 ಬೆರಕೆ ಸಾಧಿಸಿತು. ಉತ್ತರ ಕರ್ನಾಟಕದ ಸಕ್ಕರೆ ಕಾರ್ಖಾನೆಗಳಿಗೆ ಇದರಿಂದ ಹೊಸ ಆದಾಯ ಬಂದದ್ದು ನಿಜ. ಕಬ್ಬಿನ ನೀರು, ಮೆಕ್ಕೆಜೋಳದ ಬೆಲೆ ಎರಡೂ ಪ್ರಶ್ನೆಯಾಗಿ ಉಳಿದಿವೆ. ಮೆಕ್ಕೆಜೋಳ ಎಥೆನಾಲಿಗೆ ಹೋದಂತೆ ಕೋಳಿ ಸಾಕುವವರ ಚಿಂತೆ ಏರಿದೆ. ಕರಾವಳಿಗಂತೂ ಈ ದಾರಿ ಇಲ್ಲ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ಸಾಲದೆ ಎಂದೋ ಬಾಗಿಲು ಮುಚ್ಚಿದೆ.

ಇವೆಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಉಳಿದವು ಯಾವುವು, ಉದುರಿದವು ಯಾವುವು ಎಂಬುದು ತಿಳಿಯುತ್ತದೆ. ಹುಟ್ಟಿದ ಜಾಗದಲ್ಲೇ ಉರಿದದ್ದು ಉಳಿಯಿತು: ಹಟ್ಟಿಯ ಸೆಗಣಿ, ಮಿಲ್ಲಿನ ಹೊಟ್ಟು, ಕಾರ್ಖಾನೆಯ ಸಿಪ್ಪೆ. ಊರೂರು ಅಲೆದು ಹೆಕ್ಕಬೇಕಾದದ್ದು ಉಳಿಯಲಿಲ್ಲ. ದೇಶದ ನೀತಿ ಬರೆಯುವವರು ಲೀಟರಿನಲ್ಲಿ ಎಣಿಸುವ ಕಾರಣ ಹಟ್ಟಿಯ ಗ್ಯಾಸ್ ಅವರ ಪಟ್ಟಿಯಲ್ಲಿ ಸಣ್ಣದಾಗಿ ಕಾಣುತ್ತದೆ. 2018ರ ಸತತ್ ಯೋಜನೆ ಸೆಗಣಿ, ಕಸದಿಂದ ಶುದ್ಧೀಕರಿಸಿದ ಅನಿಲವನ್ನು ಪೆಟ್ರೋಲ್ ಬಂಕಿಗೆ ತರುವ ದೊಡ್ಡ ಸ್ಥಾವರಗಳ ಕನಸು ಕಂಡಿತು. ನಗರದ ಕಸಕ್ಕೆ ಅದು ಬೇಕೇ ಬೇಕು. ಹತ್ತು ಗುಡ್ಡ ಹತ್ತಿಳಿದರೆ ಹತ್ತು ಮನೆ ಸಿಗುವ ಬೆಳ್ತಂಗಡಿಯಲ್ಲಿ ಸೆಗಣಿ ಸಾಗಿಸುವ ಟೆಂಪೋದ ಡೀಸೆಲ್ಲೇ ಗ್ಯಾಸಿಗಿಂತ ಹೆಚ್ಚಾದೀತು.

ಹಾಗೆಂದು ಗುಂಡಿಗಳ ಸ್ಥಿತಿ ಈಗ ಚೆನ್ನಾಗಿದೆ ಎನ್ನುವಂತಿಲ್ಲ. ಹಟ್ಟಿಗಳು ಖಾಲಿಯಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿ, ದುಬಾಯಿಯಲ್ಲಿ. ಮನೆಯಲ್ಲಿ ಉಳಿದ ಅಪ್ಪ ಅಮ್ಮನಿಗೆ ಹುಲ್ಲು ಕೊಯ್ಯುವ ಶಕ್ತಿಯಿಲ್ಲ. ದನ ಮಾರಿದ ಮರುದಿನದಿಂದ ಗುಂಡಿ ಹಸಿದು ಕೂರುತ್ತದೆ. ದನವಿದ್ದ ಕಡೆಯೂ ಗುಮ್ಮಟದ ಗಾರೆ ಬಿರುಕು ಬಿಟ್ಟು ಗ್ಯಾಸ್ ಸೋರಿದರೆ ಒಲೆ ಮಂಕಾಗುತ್ತದೆ. ಆ ಸೋರಿಕೆ ಮನೆಯವರ ನಷ್ಟವಷ್ಟೇ ಆಗಿ ನಿಲ್ಲುವುದಿಲ್ಲ. ಗಾಳಿಗೆ ಸೇರಿದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಹೊಸ ಗುಂಡಿಗೆ ಸಬ್ಸಿಡಿ ಇದೆ. ಇಪ್ಪತ್ತು ವರ್ಷದ ಗುಂಡಿಯ ಒಳಗಿಳಿದು ಗಟ್ಟಿಯಾದ ಕೆಸರು ತೆಗೆದು, ಗಾರೆ ಮಾಡಬಲ್ಲ ಮೇಸ್ತ್ರಿ ಸಿಗುವುದಿಲ್ಲ. ನೇಪಾಳ 1992ರಲ್ಲಿ ತನ್ನ ಗೋಬರ್ ಗ್ಯಾಸ್ ಕಾರ್ಯಕ್ರಮ ಆರಂಭಿಸಿದಾಗ ಸಬ್ಸಿಡಿಯನ್ನು ಗುಣಮಟ್ಟದ ತಪಾಸಣೆಗೆ, ಕಟ್ಟಿದವರೇ ಕೆಲವು ವರ್ಷ ರಿಪೇರಿ ನೋಡಿಕೊಳ್ಳುವ ಖಾತ್ರಿಗೆ ಕಟ್ಟಿಹಾಕಿತ್ತು. ಉಜಿರೆಯಲ್ಲಿ 1982ರಿಂದ ಗ್ರಾಮೀಣ ಯುವಕರಿಗೆ ಕಸುಬು ಕಲಿಸುತ್ತಿರುವ ರುಡ್‌ಸೆಟ್ ಸಂಸ್ಥೆ ಇದೆ. ಇಂಥ ಮೇಸ್ತ್ರಿಗಳನ್ನು ತಯಾರು ಮಾಡಲು ಬೇರೆ ಜಾಗ ಹುಡುಕಬೇಕಿಲ್ಲ.

ಯಾವ ಮನೆಯಲ್ಲಿ ಎಷ್ಟು ದನ ಹಾಲು ಕೊಡುತ್ತಿವೆ ಎಂಬ ಲೆಕ್ಕವೂ ಹೊಸದಾಗಿ ಮಾಡಬೇಕಾದದ್ದಲ್ಲ. ದಿನವೂ ಬೆಳಗ್ಗೆ, ಸಂಜೆ ಹಾಲಿನ ಸೊಸೈಟಿಯ ಮುಂದೆ ಕ್ಯಾನು ಹಿಡಿದು ಸಾಲು ನಿಲ್ಲುವವರ ಹೆಸರು, ಅಳೆದ ಲೀಟರು ಅಲ್ಲಿನ ಪುಸ್ತಕದಲ್ಲಿವೆ. ಆ ಹೆಸರುಗಳ ಪಕ್ಕದಲ್ಲಿ ಇನ್ನೊಂದು ಕಾಲಂ ಗೀರಿ, ಗುಂಡಿ ಇದೆಯೇ, ಗ್ಯಾಸ್ ಬರುತ್ತಿದೆಯೇ, ಕೊನೆಯ ಸಲ ರಿಪೇರಿಯಾದದ್ದು ಯಾವ ವರ್ಷ ಎಂದು ಬರೆಯತೊಡಗಿದರೆ, ಮುಂದಿನ ಮಳೆಗಾಲಕ್ಕೆ ಮೊದಲು ಮೇಸ್ತ್ರಿ ಯಾವ ಮನೆಗೆ ಮೊದಲು ಹೋಗಬೇಕೆಂಬುದು ಸೊಸೈಟಿಯ ಕಾರ್ಯದರ್ಶಿಗೇ ಗೊತ್ತಾಗುತ್ತದೆ.